ಗುಡ್ಡೆಯ ಹುಲ್ಲು, ಹಟ್ಟಿಯ ದನ, ತೋಟದ ಕಪ್ಪೆ: ಕಾಸರಗೋಡಿನ ಕೃಷಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪೈವಳಿಕೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಕೃಷಿಕರ ಬದುಕು ಮೂರು ಜಾಗದಲ್ಲಿ ನಡೆಯುತ್ತಿತ್ತು. ಮೇಲೆ ಗುಡ್ಡೆ, ನಡುವೆ ಹಟ್ಟಿ, ಕೆಳಗೆ ತೋಟ. ಈ ಮೂರರ ನಡುವೆ ದನ ಓಡಾಡುತ್ತಿದ್ದಾಗ ಗುಡ್ಡೆಯಲ್ಲಿ ಹಕ್ಕಿ, ತೋಟದಲ್ಲಿ ಕಪ್ಪೆ, ತೋಡಿನಲ್ಲಿ ಮೀನು ತಾವಾಗಿ ಉಳಿದಿದ್ದವು. ದನ ಹಟ್ಟಿಯಲ್ಲೇ ನಿಂತು, ಗುಡ್ಡೆ ಜೆಸಿಬಿಯ ಪಾಲಾದ ಮೇಲೆ ಒಂದಕ್ಕೊಂದು ಸಂಬಂಧ ತಪ್ಪಿತು. ಅದನ್ನು ಮತ್ತೆ ಕೂಡಿಸಬಹುದು, ಕೂಡಿಸಲೇಬೇಕು ಎಂದು ನಾನು ನಂಬಿದ್ದೇನೆ. ನೆಲಕ್ಕೆ ಹೀಗೆ ಮತ್ತೆ ಜೀವ ತುಂಬುವ ಕ್ರಮಕ್ಕೆ ರೀಜನರೇಟಿವ್ ಕೃಷಿ ಎನ್ನುತ್ತಾರೆ. ನೆರೆಕರೆಯವರು, ನೆಂಟರು, ಬೆಂಗಳೂರು ಬಿಟ್ಟು ಊರಿಗೆ ಮರಳಿದ ಹುಡುಗರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಇದು ಸಾವಯವ ಕೃಷಿಯೇ ಅಲ್ವಾ?

ಬಹಳಷ್ಟು ಹೌದು. ಆದರೆ ಸಾವಯವದಲ್ಲಿ ಏನು ಹಾಕಬಾರದು ಎಂಬ ಲೆಕ್ಕವೇ ಜಾಸ್ತಿ. ರೀಜನರೇಟಿವ್ ಕೃಷಿಯಲ್ಲಿ ನೆಲ ಏನಾಯಿತು ಎಂದು ನೋಡುತ್ತೇವೆ. ಮಣ್ಣು ಮೆದುವಾಯಿತೇ, ಎರೆಹುಳ ಹೆಚ್ಚಿತೇ, ತೋಡಿನ ನೀರು ಮೊದಲಿಗಿಂತ ಸ್ವಲ್ಪ ತಡವಾಗಿ ಬತ್ತಿತೇ? ಪೇಟೆಯಿಂದ ಸಾವಯವ ಗೊಬ್ಬರದ ಚೀಲ ತಂದು ಸುರಿದು, ನೆಲವನ್ನು ಬೋಳಾಗಿ ಇಟ್ಟರೆ ಸರ್ಟಿಫಿಕೇಟ್ ಸಿಕ್ಕೀತು, ಕಪ್ಪೆ ಬಾರದು.

ಗುಡ್ಡೆಯ ಮೇಲಿನ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪದವು, ಅಂದರೆ ಬಯಲು, ಬರಡು ಜಾಗ. ಅಲ್ಲಿ ಉಳಿಸುವಂಥದ್ದು ಏನಿದೆ?

ಏಪ್ರಿಲಿನಲ್ಲಿ ನೋಡಿದವರು ಬರಡು ಎನ್ನುತ್ತಾರೆ. ಆಟಿ ಕಳೆದು ಸೋಣ ಬರುವಾಗ, ಅಂದರೆ ಆಗಸ್ಟಿನಲ್ಲಿ, ಹೋಗಿ ನೋಡಿ. ಕಲ್ಲಿನ ತಗ್ಗಿನಲ್ಲಿ ನಿಂತ ಎರಡು ಬೆರಳು ನೀರಿನಲ್ಲಿ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ ತುಂಬಿಕೊಂಡಿರುತ್ತದೆ. ಗೇಣುದ್ದವೂ ಇಲ್ಲದ ಗಿಡ. ಮೆಲ್ಲ ಕಿತ್ತು ಕೈಯಲ್ಲಿ ಹಿಡಿದರೆ ಬುಡದಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಚೀಲಗಳು. ನೀರಿನ ಸೂಕ್ಷ್ಮ ಹುಳಗಳು ಆ ಚೀಲದೊಳಗೆ ಸಿಕ್ಕಿಬಿದ್ದು ಗಿಡಕ್ಕೆ ಆಹಾರವಾಗುತ್ತವೆ. ಪಕ್ಕದಲ್ಲೇ ಬಿಳಿ ಗುಂಡುಹೂವಿನ ಎರಿಯೋಕಾಲಾನ್, ಎಲೆಯ ತುಂಬ ಅಂಟು ಹನಿ ಹೊತ್ತ ಡ್ರೊಸೆರಾ. ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ ಇರುವ ಕಡೆ ಬದುಕುವ ಗಿಡಗಳಿವು. ಅದಕ್ಕೇ ಯುಟ್ರಿಕ್ಯುಲೇರಿಯಾ, ಡ್ರೊಸೆರಾದಂಥವು ಹುಳ ಹಿಡಿಯುವುದು. ಅಲ್ಲಿಗೆ ಗೊಬ್ಬರ ಬಿದ್ದರೆ ದೊಡ್ಡ ಹುಲ್ಲು ಎದ್ದು ಇವನ್ನು ಮುಚ್ಚಿಬಿಡುತ್ತದೆ.

ಪೆರಿಯದ ಮುರಕಲ್ಲಿನ ಮಳೆಗಾಲದ ತೊರೆಯಲ್ಲಿ ಬೆಳೆಯುವ ಒಂದು ಬಿಳಿ ಲಿಲ್ಲಿ ಇದೆ, ಕ್ರೈನಮ್ ಮಲಬಾರಿಕಮ್ ಎಂದು ಹೆಸರು. ಅದು ಹೊಸ ಜಾತಿ ಎಂದು ವಿಜ್ಞಾನಿಗಳು ಗುರುತಿಸಿದ್ದು 2012ರಲ್ಲಿ. ಈಗ ಅದೇ ಕಾಸರಗೋಡು ಜಿಲ್ಲೆಯ ಅಧಿಕೃತ ಹೂವು.

ಇನ್ನು ಹಳದಿ ಟಿಟ್ಟಿಭ. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಮಳೆಗೆ ಮೊದಲು, ಬೇಸಗೆಯಲ್ಲಿ, ಬಯಲಿನ ನೆಲದಲ್ಲಿ ಸಣ್ಣ ತಗ್ಗು ಮಾಡಿ ಮೊಟ್ಟೆ ಇಡುತ್ತದೆ, ಹೆಚ್ಚಾಗಿ ನಾಲ್ಕು. ಮೊಟ್ಟೆಯ ಬಣ್ಣ ಮುರಕಲ್ಲಿನ ಹರಳಿನ ಹಾಗೇ ಇರುವುದರಿಂದ ಕಾಲಡಿಗೆ ಬರುವವರೆಗೆ ಕಾಣುವುದಿಲ್ಲ. ಬಿಸಿಲು ಏರಿದಾಗ ತಾಯಿ ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಹಾಗಾಗಿ ಪದವಿನ ಪಳ್ಳದಲ್ಲಿ (ನೀರು ನಿಲ್ಲುವ ಹೊಂಡದಲ್ಲಿ) ಏಪ್ರಿಲಿನಲ್ಲಿ ಒಂದಿಷ್ಟು ನೀರು ಉಳಿದಿದೆಯೋ ಇಲ್ಲವೋ ಎಂಬುದು ಅದಕ್ಕೆ ಬದುಕಿನ ಪ್ರಶ್ನೆ.

ಹಕ್ಕಿ, ಹೂವು ಬೇಡ ಎನ್ನುವವರು ನೀರನ್ನಾದರೂ ನೆನೆಯಿರಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಮುರಕಲ್ಲು ತೂತು ತೂತು ಇರುವ ಕಲ್ಲು. ಪದವಿನ ಮೇಲೆ ಬಿದ್ದ ಮಳೆ ಅದರೊಳಗೆ ಇಳಿದು ಕೆಳಗಿನ ಸುರಂಗದಲ್ಲಿ, ಅಂದರೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಾವಿಯಲ್ಲಿ, ಬರುತ್ತದೆ. ಮೇಲೆ ಕಲ್ಲು ಕೋರೆ ಮಾಡಿ, ಕೆಳಗೆ ಸುರಂಗ ಬತ್ತಿತು ಎಂದು ಕೊಳವೆ ಬಾವಿ ಕೊರೆಸುವುದನ್ನು ಕಣ್ಣಾರೆ ನೋಡುತ್ತಿದ್ದೇವೆ.

ಹಾಗಾದರೆ ಅಲ್ಲಿ ದನ ಬಿಡುವುದೇ ತಪ್ಪಲ್ವಾ? ಮೇದು ಹಾಳು ಮಾಡುವುದಿಲ್ಲವೇ?

ಅತಿಯಾಗಿ ಮೇಯಿಸಿದರೆ ಹಾಳಾಗುತ್ತದೆ, ಅನುಮಾನ ಬೇಡ. ಒಂದೇ ಕಡೆ ಬಿಟ್ಟರೆ ನೆಲ ಗಟ್ಟಿಯಾಗಿ ನೀರು ಇಳಿಯುವುದಿಲ್ಲ, ದನ ಮುಟ್ಟದ ಮುಳ್ಳುಗಿಡ ಮಾತ್ರ ಉಳಿಯುತ್ತದೆ. ಆದರೆ ದನವೇ ಇಲ್ಲದಿದ್ದರೂ ಪದವು ಈಗಿನಂತೆ ಉಳಿಯುವುದಿಲ್ಲ. ಮುಳಿಹುಲ್ಲು ಆಳೆತ್ತರ ಬೆಳೆದು ಒಣಗುತ್ತದೆ. ಕೆಳಗಿನ ಸಣ್ಣ ಗಿಡಗಳಿಗೆ ಬಿಸಿಲು ಸಿಗುವುದಿಲ್ಲ. ಆಮೇಲೆ ಪೊದೆ, ಅಕೇಶಿಯಾ. ಬಯಲಿನ ಹಕ್ಕಿ ಅಲ್ಲಿಂದ ಎದ್ದು ಹೋಗುತ್ತದೆ. ಟಿಟ್ಟಿಭಕ್ಕೆ ಗಿಡ್ಡ ಹುಲ್ಲು ಬೇಕು, ಸುತ್ತ ದೂರದವರೆಗೆ ಕಾಣಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ಹಿರಿಯರು ದನವನ್ನು ಹಗಲು ಗುಡ್ಡೆಗೆ ಬಿಟ್ಟು, ಸಂಜೆ ಹಟ್ಟಿಗೆ ತಂದು ಕಟ್ಟುತ್ತಿದ್ದರು. ಗುಡ್ಡೆಯಲ್ಲಿ ತಿಂದದ್ದರ ಒಂದು ಪಾಲು ರಾತ್ರಿ ಹಟ್ಟಿಯಲ್ಲಿ ಸಗಣಿ, ಗಂಜಲವಾಗಿ ಬೀಳುತ್ತಿತ್ತು. ಅಲ್ಲಿಂದ ತೋಟಕ್ಕೆ. ವರ್ಷಾನುಗಟ್ಟಲೆ ಹೀಗೆ ನಡೆದು ಗುಡ್ಡೆ ಬಡವಾಗಿಯೇ ಉಳಿಯಿತು, ತೋಟ ಕೊಬ್ಬಿತು. ಮೇಲೆ ಹೇಳಿದ ಹುಳ ಹಿಡಿಯುವ ಹೂವಿಗೆ ಬೇಕಾದದ್ದು ಆ ಬಡತನವೇ. ತೋಟದ ಅಡಿಕೆ ಮರಕ್ಕೆ ಬೇಕಾದದ್ದು ಆ ಕೊಬ್ಬು. ಎರಡನ್ನೂ ಒಂದೇ ದನ ಮಾಡಿಕೊಟ್ಟಿತು. ಕಾಡುಜೀವಿಗೆ ಬೇರೆ ಜಾಗ, ಕೃಷಿಗೆ ಬೇರೆ ಜಾಗ ಎಂದು ಗೆರೆ ಎಳೆಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆದ್ದರಿಂದ ಪದವಿನಲ್ಲಿ ರಾತ್ರಿ ದನ ಕಟ್ಟಬೇಡಿ. ಅಲ್ಲಿಗೆ ಕೋಳಿಗೊಬ್ಬರ, ಯೂರಿಯಾ, ಕಸಾಯಿಖಾನೆಯ ತ್ಯಾಜ್ಯ ಒಯ್ದು ಸುರಿಯಬೇಡಿ.

ಜೂನ್ 5ರ ಪರಿಸರ ದಿನಕ್ಕೆ ಶಾಲೆಯ ಮಕ್ಕಳು ಪದವಿನಲ್ಲಿ ಗಿಡ ನೆಡುತ್ತಾರೆ. ಅದು ಒಳ್ಳೆಯದೇ ಅಲ್ವಾ?

ಮಕ್ಕಳ ಮನಸ್ಸು ಒಳ್ಳೆಯದು, ಜಾಗ ತಪ್ಪು. ಹುಲ್ಲುಗಾವಲು ಅಂದರೆ ಮರ ಕಡಿದು ಹಾಳಾದ ಕಾಡು ಅಲ್ಲ. ಮಣ್ಣೇ ಇಲ್ಲದ ಕಲ್ಲಿನ ಮೇಲೆ ಗುಂಡಿ ತೋಡಿ ಹಾಕಿದ ಗಿಡದಲ್ಲಿ ಹೆಚ್ಚಿನವು ಮುಂದಿನ ಬೇಸಗೆಗೆ ಸಾಯುತ್ತವೆ. ಬದುಕುವುದು ಆಸ್ಟ್ರೇಲಿಯಾದ ಅಕೇಶಿಯಾ. ಅದರ ಎಲೆ ಬೇಗ ಕೊಳೆಯದೆ ದಪ್ಪಕ್ಕೆ ಹಾಸಿಕೊಳ್ಳುತ್ತದೆ, ಕೆಳಗೆ ಹುಲ್ಲು ಏಳುವುದಿಲ್ಲ. ಮೇಷ್ಟ್ರೊಡನೆ ಮಾತಾಡಿ. ಗಿಡವನ್ನು ಶಾಲೆಯ ಅಂಗಳದ ಅಂಚಿಗೆ, ತೋಡಿನ ಬದಿಗೆ, ಮಾರ್ಗದ ಬದಿಗೆ ನೆಡಿಸಿ. ಮಕ್ಕಳನ್ನು ಆಗಸ್ಟಿನಲ್ಲಿ ಪದವಿಗೆ ಕರೆದುಕೊಂಡು ಹೋಗಿ ಹೂವು ತೋರಿಸಿ.

ಯಾವ ದನ ಸಾಕಬೇಕು? ಜರ್ಸಿ ಆಗುವುದಿಲ್ಲವೇ?

ಗುಡ್ಡೆ ಹತ್ತಿಸುವುದಾದರೆ ಆಗುವುದಿಲ್ಲ. ದೊಡ್ಡ ಮೈ, ಬಿಸಿಲು ತಡೆಯದು, ಹಿಂಡಿ ಇಲ್ಲದೆ ನಡೆಯದು. ಕಾಸರಗೋಡು ಗಿಡ್ಡ ಈ ನೆಲದ್ದೇ ತಳಿ. ಎತ್ತರ ಒಂದು ಮೀಟರಿನ ಆಸುಪಾಸು. ಮೈ ಹಗುರ, ಗೊರಸು ಗಟ್ಟಿ. ನಮ್ಮ ಮಳೆಗೂ ಸೆಖೆಗೂ ಒಗ್ಗಿದೆ. ಮುಳಿಹುಲ್ಲು, ಪೊದೆಯ ಚಿಗುರು, ಬಿದ್ದ ಹಲಸಿನ ಎಲೆ ಎಲ್ಲ ತಿನ್ನುತ್ತದೆ. ಈ ತಳಿಯ ರಕ್ಷಣೆಗಾಗಿಯೇ ಕೇರಳ ಪಶುಸಂಗೋಪನಾ ಇಲಾಖೆಯ ಒಂದು ಫಾರ್ಮ್ ಬದಿಯಡ್ಕ ಬಳಿಯ ಬೇಳದಲ್ಲಿದೆ. ಪೆರ್ಲದ ಬಜಕೂಡ್ಲಿನಲ್ಲಿ ಗೋಶಾಲೆಯೂ ಇದೆ. ದನ ತರುವ ಮೊದಲು ಒಮ್ಮೆ ಹೋಗಿ ನೋಡಿ.

ಈ ಗಿಡ್ಡ ದನದಿಂದ ಹಾಲು ಸ್ವಲ್ಪವೇ ಸಿಕ್ಕೀತು ಅಷ್ಟೇ. ನಷ್ಟ ಅಲ್ವಾ?

ಹಾಲಿನ ಲೆಕ್ಕ ಮಾತ್ರ ಹಾಕಿದರೆ ನಷ್ಟವೇ. ಗೊಬ್ಬರದ ಲೆಕ್ಕ ಹಾಕಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಹಟ್ಟಿಗೊಬ್ಬರ ಅಥವಾ ಕಂಪೋಸ್ಟ್ ಕೊಡಬೇಕು ಎಂಬುದು ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು. ಎಕರೆಗೆ ಸುಮಾರು 550 ಮರ ಎಂದರೆ ಗೊಬ್ಬರವೇ 6,600 ಕಿಲೋ ಆಯಿತು. ಹೊರಗಿನಿಂದ ಲಾರಿಯಲ್ಲಿ ತರಿಸಿದರೆ ಎಷ್ಟು ಹಣ ಎಂದು ನೀವೇ ವಿಚಾರಿಸಿ. ಅದರೊಟ್ಟಿಗೆ ಬರುವ ಕಳೆಬೀಜ, ಔಷಧಿಯ ಶೇಷ ಬೇರೆ.

ಸಣ್ಣ ದನದ ಸಗಣಿ ಕಡಿಮೆ, ಅದರಲ್ಲೂ ಒಂದು ಭಾಗ ಗುಡ್ಡೆಯಲ್ಲೇ ಬೀಳುತ್ತದೆ. ಅದಕ್ಕೇ ಹಟ್ಟಿಗೆ ಸೊಪ್ಪು, ದರಗು (ಒಣ ಎಲೆ) ಹಾಸುವ ಕ್ರಮ ಇದ್ದದ್ದು. ಹಾಸಿದ್ದು ಗಂಜಲ ಹೀರಿಕೊಂಡು, ದನದ ಕಾಲಡಿ ತುಳಿದು, ಗೊಬ್ಬರದ ರಾಶಿ ದೊಡ್ಡದಾಗುತ್ತದೆ. ಸಿಮೆಂಟು ಹಾಕಿ ತೊಳೆಯುವ ಹಟ್ಟಿಯಲ್ಲಿ ಗಂಜಲ ಅಷ್ಟೂ ಚರಂಡಿಗೆ. ಒಂದು ಎಚ್ಚರ ಇರಲಿ. ಗುಡ್ಡೆಯ ದರಗು ಪೂರ್ತಿ ಗುಡಿಸಿ ತರಬೇಡಿ. ಮರದ ಬುಡದಲ್ಲಿ ಒಂದಿಷ್ಟು ಬಿಟ್ಟರೆ ಹಲ್ಲಿ, ಚೇಳು, ನೆಲಗಪ್ಪೆ ಅದರಡಿ ಇರುತ್ತವೆ.

ಮೇಯಿಸುವ ಕ್ರಮ ಹೇಗೆ? ವರ್ಷದಲ್ಲಿ ಯಾವಾಗ ಎಲ್ಲಿ?

ಗುಡ್ಡೆಯನ್ನು ಮನಸ್ಸಿನಲ್ಲೇ ಮೂರು ನಾಲ್ಕು ಪಾಲು ಮಾಡಿ. ಬೇಲಿ ಬೇಡ. ಆ ಕಾಸರಕನ ಮರದಿಂದ ಈ ಕಲ್ಲಿನವರೆಗೆ ಎಂದು ಗುರುತು ಸಾಕು. ಒಂದು ಪಾಲಿನಲ್ಲಿ ಹುಲ್ಲು ನಾಲ್ಕು ಬೆರಳಿನಷ್ಟು ಉಳಿದಾಗ ದನವನ್ನು ಮುಂದಿನ ಪಾಲಿಗೆ ಹೊಡೆಯಿರಿ. ಮೇದ ಪಾಲು ಚಿಗುರಿ ಮತ್ತೆ ಎತ್ತರವಾಗುವವರೆಗೆ ಅತ್ತ ಹೋಗುವುದು ಬೇಡ. ಹುಲ್ಲನ್ನು ಬುಡದವರೆಗೆ ಮೇಯಿಸಿದರೆ ಬೇರು ಸೊರಗುತ್ತದೆ. ಅರ್ಧ ಬಿಟ್ಟರೆ ಬೇಗ ಎದ್ದು ಬರುತ್ತದೆ.

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಪದವಿನ ನೀರು ನಿಂತ ತಗ್ಗುಗಳಿಗೆ, ಪಳ್ಳದ ಅಂಚಿಗೆ ದನ ಬಿಡಬೇಡಿ. ಆಗಲೇ ಕಪ್ಪೆ ಮೊಟ್ಟೆ ಇಡುವುದು, ಗೊದಮೊಟ್ಟೆ ಬೆಳೆಯುವುದು. ಆ ತಿಂಗಳುಗಳಲ್ಲಿ ತೋಟದ ಹುಲ್ಲು ಕೊಯ್ದು ಹಟ್ಟಿಗೆ ಹಾಕಿ, ಮಳೆ ಹೊಳವು ಕೊಟ್ಟ ದಿನ ಇಳಿಜಾರಿನ ಹುಲ್ಲಿಗೆ ಬಿಡಿ. ಹೂವು ಬೀಜವಾದ ಮೇಲೆ, ಅಕ್ಟೋಬರಿನಿಂದ, ಪದವು ದನಕ್ಕೆ ತೆರೆದಿರಲಿ. ಆಗ ಮೇದರೆ ಒಣ ಹುಲ್ಲು ಕಡಿಮೆಯಾಗಿ ಬೇಸಗೆಗೆ ನೆಲ ತೆರೆದುಕೊಳ್ಳುತ್ತದೆ. ಬೈಲಿನಲ್ಲಿ ಭತ್ತ ಇರುವವರು ಕೊಯ್ಲಿನ ನಂತರ ಕೂಳೆ ಮೇಯಿಸಿ. ಬೆಳ್ಳಕ್ಕಿಗಳು ದನದ ಕಾಲ ಬಳಿ ಎದ್ದ ಮಿಡತೆ ಹಿಡಿಯುತ್ತ ಹಿಂದೆಯೇ ಬರುತ್ತವೆ.

ಮಾರ್ಚಿನಿಂದ ಮೇವರೆಗೆ ಟಿಟ್ಟಿಭ ಕೂಗುತ್ತ ನಿಮ್ಮ ತಲೆಯ ಮೇಲೆ ಸುತ್ತಿದರೆ ಅಲ್ಲಿ ಮೊಟ್ಟೆ ಇದೆ ಎಂದರ್ಥ. ಹುಡುಕಲು ಹೋಗಬೇಡಿ, ಆ ಪಾಲನ್ನು ಬಿಟ್ಟುಬಿಡಿ. ನಾಯಿಯನ್ನು ಮಾತ್ರ ಜೊತೆಗೆ ಒಯ್ಯಲೇಬೇಡಿ. ದನಕ್ಕಿಂತ ನಾಯಿಯಿಂದಲೇ ನೆಲದ ಮೊಟ್ಟೆಗೆ ದೊಡ್ಡ ಅಪಾಯ.

ಒಣ ಹುಲ್ಲಿಗೆ ಬೆಂಕಿ ಕೊಟ್ಟರೆ ಹೊಸ ಚಿಗುರು ಬರುತ್ತದಲ್ವಾ?

ಬರುತ್ತದೆ. ಆದರೆ ಫೆಬ್ರವರಿ, ಮಾರ್ಚಿನ ಬೆಂಕಿಗೆ ಉಡ, ಆಮೆ, ಮೊಲದ ಮರಿ, ನೆಲದ ಮೊಟ್ಟೆ ಎಲ್ಲ ಸುಟ್ಟುಹೋಗುತ್ತವೆ. ಗಾಳಿ ತಿರುಗಿದರೆ ನೆರೆಯವರ ಗೇರು ತೋಟಕ್ಕೂ ಹತ್ತುತ್ತದೆ. ಹುಲ್ಲು ಕೊಯ್ದು ತಂದು ತೋಟಕ್ಕೆ ಹೊದಿಸಿ.

ದನಕ್ಕೆ ಕೊಡುವ ಮದ್ದಿಗೂ ಕಾಡುಜೀವಿಗೂ ಏನು ಸಂಬಂಧ?

ತುಂಬ ಇದೆ. ಮಳೆ ಬಿಟ್ಟ ದಿನ ಗುಡ್ಡೆಯಲ್ಲಿ ಬಿದ್ದ ಸಗಣಿಯನ್ನು ಕೋಲಿನಿಂದ ಮಗುಚಿ ನೋಡಿ. ಮೇಲಿನಿಂದ ತೊಪ್ಪೆಯ ಹಾಗೇ ಕಂಡರೂ ಒಳಗೆ ಟೊಳ್ಳು. ಅಡಿಯ ನೆಲದಲ್ಲಿ ಪೆನ್ಸಿಲ್ ತೂರುವಷ್ಟು ತೂತುಗಳು, ತೂತಿನ ಬಾಯಲ್ಲಿ ಹೊಸ ಕೆಂಪು ಮಣ್ಣು. ಸಗಣಿಹುಳ ತನ್ನ ಮರಿಗಾಗಿ ಸಗಣಿಯನ್ನು ನೆಲದಡಿಗೆ ಒಯ್ದ ಗುರುತು ಅದು. ಆ ತೂತಿನಲ್ಲಿ ಮಳೆನೀರು ಇಳಿಯುತ್ತದೆ. ಆ ಹುಳವನ್ನು ಕಾಜಾಣ, ನೀಲಕಂಠ, ಗೂಬೆ ತಿನ್ನುತ್ತವೆ.

ಐವರ್ಮೆಕ್ಟಿನ್ ಎಂಬ ಜಂತುಹುಳದ ಮದ್ದು ಕೊಟ್ಟ ದನದ ಸಗಣಿಯಲ್ಲಿ ಆ ಮದ್ದು ಹೊರಬರುತ್ತದೆ, ಸಗಣಿಹುಳದ ಮರಿಗಳನ್ನು ಕೊಲ್ಲುತ್ತದೆ. ಹಾಗೆಂದು ದನಕ್ಕೆ ಮದ್ದು ಬೇಡ ಎಂದಲ್ಲ. ತಿಂಗಳು ನೋಡಿ ಸುಮ್ನೆ ಕೊಡಬೇಡಿ. ಸಗಣಿ ಪರೀಕ್ಷೆ ಮಾಡಿಸಿ, ಬೇಕಾದ ದನಕ್ಕೆ ಮಾತ್ರ ಕೊಡಿಸಿ. ಕೊಟ್ಟ ಮೇಲೆ ಕೆಲವು ದಿನ ಹಟ್ಟಿಯಲ್ಲೇ ಕಟ್ಟಿ, ಆ ಸಗಣಿಯನ್ನು ಗುಂಡಿಗೆ ಹಾಕಿ ಚೆನ್ನಾಗಿ ಕೊಳೆಯಿಸಿ.

ನೋವಿನ ಮದ್ದಿನಲ್ಲೂ ಎಚ್ಚರ ಬೇಕು. ಡೈಕ್ಲೊಫೆನಾಕ್ ಕೊಟ್ಟ ದನದ ಹೆಣ ತಿಂದೇ ದೇಶದ ರಣಹದ್ದುಗಳು ಬಹುಪಾಲು ನಾಶವಾದದ್ದು. 2006ರಲ್ಲಿ ಸರಕಾರ ಅದನ್ನು ಜಾನುವಾರಿಗೆ ನಿಷೇಧಿಸಿತು. ಡಾಕ್ಟರರ ಹತ್ತಿರ ಮೆಲಾಕ್ಸಿಕಾಮ್ ಕೇಳಿ. ಅದು ರಣಹದ್ದಿಗೆ ಹಾನಿ ಮಾಡದ ಮದ್ದು ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ.

ಲಸಿಕೆ ತಪ್ಪಿಸಬೇಡಿ. ಕಾಲುಬಾಯಿ ಜ್ವರ ದನದಿಂದ ಕಾಟಿಗೆ, ಕಡವೆಗೆ, ಕಾಡುಹಂದಿಗೆ ದಾಟುತ್ತದೆ. ದೇಲಂಪಾಡಿ, ಕಾರಡ್ಕದ ಕಾಡಂಚಿನವರಿಗೆ ಇದು ಇನ್ನೂ ಮುಖ್ಯ.

ತೋಟದ ಒಳಗೆ ಏನು ಬದಲಿಸಬೇಕು?

ಮೊದಲು ಕಳೆನಾಶಕ ಬಿಡಿ. ಬೇರೆ ಏನೂ ಮಾಡದಿದ್ದರೂ ಇದೊಂದು ಮಾಡಿ. ಕಳೆಯನ್ನು ಮೆಷಿನ್ನಿನಲ್ಲಿ ಸವರಿ, ಬುಡಕ್ಕೆ ಹಾಕಿ. ನೆಲದಿಂದ ನಾಲ್ಕು ಬೆರಳು ಮೇಲೆ ಸವರಿದರೆ ಕಪ್ಪೆಯೂ ಬದುಕುತ್ತದೆ, ಮಣ್ಣೂ ತೊಳೆದು ಹೋಗುವುದಿಲ್ಲ. ಹಾಳೆ, ಸೋಗೆ ಸುಡಬೇಡಿ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಿ ಎಂದು ನಾನು ಹೇಳುವುದಿಲ್ಲ. ಆಟಿಯ ಮಳೆಯಲ್ಲಿ ಗೊನೆ ಉದುರುವುದನ್ನು ನೋಡಿದ ಯಾರೂ ಹಾಗೆ ಹೇಳಲಾರರು. ಆದರೆ ಮೈಲುತುತ್ತಿನ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವಂಥದ್ದಲ್ಲ. ವರ್ಷ ವರ್ಷ ಸೇರುತ್ತ ಎರೆಹುಳಕ್ಕೆ ಕಂಟಕವಾಗುತ್ತದೆ. ಶೇಕಡಾ ಒಂದರ ಅಳತೆ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದನ್ನು ಮೀರಬೇಡಿ. ಗೊನೆಗೆ ಮಾತ್ರ ಬೀಳುವಂತೆ ಹೊಡೆಸಿ. ಡ್ರಮ್ಮು ತೊಳೆದ ನೀರು ತೋಡಿಗೆ ಹೋಗಬಾರದು.

ಬೇಲಿಗೆ ಹಸಿರು ನೆಟ್ ಬದಲು ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಲಕ್ಕಿ, ಆಡುಸೋಗೆ ನೆಡಿ. ನೆಟ್ಟಿನ ಕಣ್ಣಿಗೆ ಕೇರೆಹಾವು ಸಿಕ್ಕಿ ಸಾಯುತ್ತದೆ. ಕೇರೆ ಹೋದರೆ ತೋಟದಲ್ಲಿ ಇಲಿಯದ್ದೇ ರಾಜ್ಯ.

ರಾಸಾಯನಿಕಕ್ಕೆ ಇಷ್ಟು ಹೆದರುವುದು ಯಾಕೆ?

ಎಣ್ಮಕಜೆಯ ಪಡ್ರೆಗೆ ಹೋಗಿ ಬಂದವರು ಇದನ್ನು ಕೇಳುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ. ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆದದ್ದು 2011ರ ಮೇಯಲ್ಲಿ. ಮನುಷ್ಯರ ಕಾಯಿಲೆ ಊರಿಗೆ ಅರ್ಥವಾಗುವ ಮೊದಲೇ ಜೇನು, ಮೀನು, ಕಪ್ಪೆ ಸಾಯುತ್ತಿದ್ದವು. ಅವು ಸಾಯುವಾಗಲೇ ಗಮನ ಕೊಡಬೇಕು ಎಂದು ನಾವು ಕಲಿತದ್ದು ಎಷ್ಟು ದೊಡ್ಡ ಬೆಲೆ ಕೊಟ್ಟು ಎಂಬುದನ್ನು ಆ ಮನೆಗಳವರೇ ಹೇಳಬೇಕು.

ಕಾಡುಜೀವಿಗೆ ಜಾಗ ಕೊಟ್ಟರೆ ಹಂದಿ, ಮಂಗ, ನವಿಲು ಜಾಸ್ತಿ ಆಗುವುದಿಲ್ಲವೇ?

ಈ ಸಿಟ್ಟು ನ್ಯಾಯವೇ. ಒಂದು ರಾತ್ರಿಯಲ್ಲಿ ಮರಗೆಣಸು ಅಷ್ಟೂ ಹೋದವನಿಗೆ ಹೂವಿನ ಕಥೆ ಹೇಳಿ ಪ್ರಯೋಜನ ಇಲ್ಲ. ಆದರೆ ಹಂದಿ ಹಗಲು ಮಲಗುವುದು ಬಯಲು ಪದವಿನಲ್ಲಿ ಅಲ್ಲ. ಹಡಿಲು ಬಿಟ್ಟ ಗದ್ದೆಯ ಪೊದೆಯಲ್ಲಿ, ಕಾಡು ಹತ್ತಿದ ಗೇರು, ರಬ್ಬರ್ ತೋಟದಲ್ಲಿ. ಮೇಯಿಸಿದ ಗುಡ್ಡೆ, ಉತ್ತ ಬೈಲು ಅದಕ್ಕೆ ಹಿಡಿಸುವುದಿಲ್ಲ. ಹಂದಿ ಕಾಟ ತಡೆಯಲು ಕೇರಳ ಸರಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೇ ಅದನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಕೊಟ್ಟಿತು. ಈಗಿನ ನಿಯಮ ಪಂಚಾಯತಿನಲ್ಲಿ ಕೇಳಿ ಅರ್ಜಿ ಕೊಡಿ. ಉರುಳು, ಕರೆಂಟಿನ ತಂತಿ ಇಡಲೇಬೇಡಿ. ಅದಕ್ಕೆ ಸಿಕ್ಕಿ ಮನುಷ್ಯರೇ ಸಾಯುತ್ತಾರೆ.

ಆನೆ, ಚಿರತೆ ಓಡಾಡುವ ಕಡೆ ಸಂಜೆಗೆ ಮೊದಲೇ ದನ ಹಟ್ಟಿ ಸೇರಲಿ, ಕರುವನ್ನು ಗುಡ್ಡೆಗೆ ಬಿಡಬೇಡಿ, ಹಟ್ಟಿಯ ಬಾಗಿಲು ಗಟ್ಟಿ ಇರಲಿ. ರಕ್ಷಿತಾರಣ್ಯದೊಳಗೆ ಮೇಯಿಸುವುದು ಬೇಡ. ಅಲ್ಲಿನ ಹುಲ್ಲು ಕಡವೆಯ ಪಾಲು.

ಸರಕಾರಿ ಜಾಗದಲ್ಲಿ ಮೇಯಿಸಬಹುದೇ?

ವಿಲೇಜ್ ಆಫೀಸಿನಲ್ಲಿ ಜಾಗದ ದಾಖಲೆ ನೋಡಿ ಮುಂದುವರಿಯಿರಿ. ಕುಮ್ಕಿ (ಕೃಷಿಕರ ಸ್ವಂತ ಜಾಗಕ್ಕೆ ತಾಗಿದ ಸರಕಾರಿ ಜಾಗ), ಪುರಂಬೋಕು (ಯಾರ ಹೆಸರಿಗೂ ಇಲ್ಲದ ಸರಕಾರಿ ಜಾಗ), ಅರಣ್ಯ, ಮೂರಕ್ಕೂ ನಿಯಮ ಬೇರೆ ಬೇರೆ.

ಮಣ್ಣು, ಮರದಲ್ಲಿ ಇಂಗಾಲ ಹಿಡಿದಿಟ್ಟದ್ದಕ್ಕೆ ಕಾರ್ಬನ್ ಕ್ರೆಡಿಟ್ ಹಣ ಸಿಗುತ್ತದಂತೆ, ಹೌದೇ?

ಎರಡು ಮೂರು ಎಕರೆಯವರು ಅದನ್ನು ನಂಬಿ ಇದಕ್ಕೆ ಇಳಿಯಬೇಡಿ. ಮುಂಗಡ ಹಣ ಕೇಳುವವರು ಬಂದರೆ ಗೇಟಿನಲ್ಲೇ ಕಳಿಸಿ.

ನನ್ನ ಮನೆಯಲ್ಲಿ ದನವೇ ಇಲ್ಲ, ಸಾಕಲು ಜನವೂ ಇಲ್ಲ. ನಾನೇನು ಮಾಡಬಹುದು?

ನೆರೆಕರೆಯಲ್ಲಿ ದನ ಇರುವವರಿಗೆ ನಿಮ್ಮ ಗುಡ್ಡೆಯ ಹುಲ್ಲು ಬಿಟ್ಟುಕೊಡಿ, ಬದಲಿಗೆ ಹಟ್ಟಿಗೊಬ್ಬರ ಪಡೆಯಿರಿ. ಎರಡು ಮೂರು ಮನೆಯವರು ಸೇರಿ ಮೇಯಿಸುವವರೊಬ್ಬರಿಗೆ ಸಂಬಳ ಕೊಡಬಹುದು. ಗುಡ್ಡೆಯನ್ನು ಕಲ್ಲು ಕೋರೆಯವರಿಗೆ ಕೊಡುವ ಮೊದಲು, ಕೆಳಗೆ ಯಾರ ಯಾರ ಸುರಂಗ ಇದೆ ಎಂದು ಒಮ್ಮೆ ನಡೆದು ನೋಡಿ ಬನ್ನಿ. ಬತ್ತುವ ಪಳ್ಳವಿದ್ದರೆ ಮೇ ತಿಂಗಳಲ್ಲಿ ಹೂಳು ತೆಗೆಸಿ, ಆದರೆ ಅಂಚಿಗೆ ಸಿಮೆಂಟು ಕಟ್ಟಿಸಬೇಡಿ. ಕಪ್ಪೆ, ಆಮೆ ಹತ್ತಿ ಇಳಿಯಲು ಒಂದು ಬದಿ ಇಳಿಜಾರು ಇರಲಿ.